ಒಂಬತ್ತನೇ ಸಾಲಿನ ಮುದುಕ

ಅರಾಕ್ಸಿ ಬೆದ್ರೋಸಿಯನ್‌ಗೆ ಪ್ರೊಫೆಸರುಗಳೆಂದರೆ ಅಷ್ಟಕ್ಕಷ್ಟೆ. ವರ್ಷಗಟ್ಟಲೆ ಒಂದು ಕಿಟಕಿಯ ಹಿಂದೆ ಕೂತು ಅವರನ್ನು ನೋಡಿದವಳು ಅವಳು. ನಕ್ಷತ್ರಗಳ ತೂಕ ಹೇಳಬಲ್ಲ ಮನುಷ್ಯ ತನ್ನ ಕಾರ್ಡಿನ ಕಟ್ಟಿಗೆ ಒಂದು ರಬ್ಬರ್ ಬ್ಯಾಂಡ್ ಹಾಕಲಾರದೆ ಮೆಟ್ಟಿಲ ಮೇಲೆಲ್ಲ ಚೆಲ್ಲಿಕೊಂಡು, ಆಮೇಲೆ ಅವಳ ಕಡೆಗೇ ಸಿಡುಕಿ ನೋಡುವುದನ್ನು ಅವಳು ಎಷ್ಟು ಸಲ ಕಂಡಿದ್ದಳೋ. ಅಂಥವರ ಮುಂದೆ ಅವಳು ಬಾಯಿ ಬಿಡುತ್ತಿರಲಿಲ್ಲ. ಹುಬ್ಬನ್ನಷ್ಟೇ ಎತ್ತುತ್ತಿದ್ದಳು. ವಾಟರ್‌ಟೌನಿನ ಅರ್ಮೇನಿಯನ್ ಹೆಂಗಸರ ಹುಬ್ಬು, ದಪ್ಪ, ಕಪ್ಪು. ಎತ್ತಿದರೆ ಎದುರಿಗಿದ್ದವನಿಗೆ ತಾನು ಎಷ್ಟು ಬೆಲೆ ಬಾಳುತ್ತೇನೆಂದು ಗೊತ್ತಾಗುತ್ತಿತ್ತು.

ಅವಳು ಒಂದು ಎಂಜಿನಿಯರಿಂಗ್ ಕಾಲೇಜಿನ ನೆಲಮಾಳಿಗೆಗೆ ಸೇರಿದ್ದು ಕಂಪ್ಯೂಟರಿಗೆ ಲೆಕ್ಕ ಉಣಿಸುವ ಕಾರ್ಡುಗಳಿಗೆ ತೂತು ಹೊಡೆಯುವ ಹುಡುಗಿಯಾಗಿ, ೧೯೫೫ರಲ್ಲಿ. ಆಗ ಯಂತ್ರ ಒಂದು ಹೊತ್ತಿಗೆ ಒಬ್ಬನದು. ಗೋಡೆಯ ಹಾಳೆಯಲ್ಲಿ ಹೆಸರು ಬರೆದು ಒಂದು ಗಂಟೆ ಹಿಡಿದುಕೊಳ್ಳಬೇಕು. ಹಿಡಿದವನು ಆ ಗಂಟೆಯಲ್ಲಿ ಮುಕ್ಕಾಲು ಪಾಲು ತಲೆ ಕೆರೆದುಕೊಳ್ಳುತ್ತಾ ನಿಲ್ಲುತ್ತಿದ್ದ. ಲಕ್ಷಗಟ್ಟಲೆ ಲೆಕ್ಕ ಮಾಡಬಲ್ಲ ಯಂತ್ರ ಅವನ ತಲೆ ಕೆರೆತಕ್ಕೆ ಕಾದು ಸುಮ್ಮನಿರುತ್ತಿತ್ತು. ಹಾಗಾಗಬಾರದೆಂದು ಕಿಟಕಿ ಬಂತು. ಎಲ್ಲರೂ ಕಾರ್ಡಿನ ಕಟ್ಟು ಕೊಟ್ಟು ಹೋಗಬೇಕು, ಆಪರೇಟರು ಅವನ್ನೆಲ್ಲ ಒಟ್ಟುಮಾಡಿ ಒಂದರ ಹಿಂದೊಂದು ಓಡಿಸಬೇಕು, ಮರುದಿನ ಬಂದು ಉತ್ತರದ ಕಾಗದ ತೆಗೆದುಕೊಂಡು ಹೋಗಬೇಕು. ಈಗ ಯಂತ್ರ ಕಾಯುವುದು ತಪ್ಪಿತು, ಮನುಷ್ಯರು ಕಾಯತೊಡಗಿದರು. ಒಂದು ಅಲ್ಪವಿರಾಮ ಬಿಟ್ಟುಹೋಗಿದ್ದರೆ ಇನ್ನೊಂದು ದಿನ. ಕಿಟಕಿಯ ಆ ಬದಿಯಲ್ಲಿ ಅವರ ಮುಖ ಸೊರಗುವುದನ್ನು ನೋಡಿ ಅರಾಕ್ಸಿಗೆ ಒಳಗೊಳಗೇ ಸಂತೋಷವಾಗುತ್ತಿತ್ತು ಎಂದರೆ ತಪ್ಪಲ್ಲ.

ಕೊಟ್ಟ ಕಾರ್ಡುಗಳನ್ನು ಓದಿ ಓದಿಯೇ ಅವಳು ಪ್ರೋಗ್ರಾಂ ಬರೆಯುವುದನ್ನು ಕಲಿತಳು. ಅವರ ತಪ್ಪುಗಳನ್ನು ನೋಡಿ ಕಲಿತದ್ದರಿಂದ ಅವರಿಗಿಂತ ಚೆನ್ನಾಗಿಯೇ ಕಲಿತಳು. ಹಾಗಾಗಿ, ಒಂದೇ ಯಂತ್ರವನ್ನು ಏಕಕಾಲಕ್ಕೆ ಮೂವತ್ತು ಜನರಿಗೆ ಹಂಚಬೇಕೆಂಬ ಯೋಚನೆ ಬಂದಾಗ, ಹಂಚುವ ಪ್ರೋಗ್ರಾಮಿನ ಅರ್ಧಕ್ಕಿಂತ ಹೆಚ್ಚು ಭಾಗ ಬರೆದವಳು ಅವಳೇ. ನೆಲಮಾಳಿಗೆಯವರು ಅದನ್ನು ಮೇಸ್ತ್ರಿ ಎಂದು ಕರೆಯುತ್ತಿದ್ದರು.

ಮೇಸ್ತ್ರಿಯ ಕೆಲಸ ಸೆಂಟ್ರಲ್ ಸ್ಕ್ವೇರಿನ ಹೋಟೆಲಿನ ಅಡುಗೆಯವನ ಕೆಲಸದ ಹಾಗೆ. ಕಾವಲಿ ಒಂದೇ, ಕೌಂಟರಿನ ಮುಂದೆ ಕೂತವರು ಮೂವತ್ತು ಜನ. ಒಬ್ಬನ ಮೊಟ್ಟೆ ತಿರುವಿ, ಇನ್ನೊಬ್ಬನ ಬ್ರೆಡ್ಡು ಸುಟ್ಟು, ಮತ್ತೆ ಮೊದಲಿನವನ ಕಡೆ ಬರುವಷ್ಟರಲ್ಲಿ ಅವನು ಕಾಫಿಯನ್ನು ಒಂದು ಗುಟುಕು ಕುಡಿದಿರುತ್ತಾನೆ. ಅಡುಗೆಯವನು ತನಗೊಬ್ಬನಿಗೇ ಬೇಯಿಸುತ್ತಿದ್ದಾನೆ ಎಂದುಕೊಳ್ಳುತ್ತಾನೆ. ಹಾಗೆಯೇ ಕಾಲೇಜಿನ ತುಂಬ, ಟೆಲಿಫೋನ್ ತಂತಿ ಹಿಡಿದು ಊರಾಚೆಗೂ, ಯಂತ್ರಕ್ಕೆ ಪ್ರಶ್ನೆ ಒಯ್ದು ಉತ್ತರ ಅಚ್ಚುಹಾಕುವ ಟೈಪ್‌ರೈಟರುಗಳು. ಒಬ್ಬ ಎರಡು ಅಕ್ಷರ ಒತ್ತುವ ನಡುವೆ ಯಂತ್ರ ಉಳಿದವರನ್ನೆಲ್ಲ ಒಂದು ಸುತ್ತು ವಿಚಾರಿಸಿಕೊಂಡು ಬರುತ್ತಿತ್ತು. ಪ್ರತಿಯೊಬ್ಬನಿಗೂ ಅವನದೇ ಪಾಸ್‌ವರ್ಡ್, ಅವನದೇ ಕಡತಗಳು, ಮೆಮೊರಿಯಲ್ಲಿ ಅವನದೇ ಒಂದಿಷ್ಟು ಜಾಗ, ಅದರ ಸುತ್ತ ದಾಟಲಾಗದ ಬೇಲಿ.

ಸರದಿಗೆ ಒಂಬತ್ತು ಸಾಲುಗಳಿದ್ದವು. ಹೊಸದಾಗಿ ಬಂದ ಕೆಲಸ ಮೊದಲನೇ ಸಾಲಿಗೆ. ಕ್ಷಣದಲ್ಲಿ ಮುಗಿದರೆ ಸರಿ; ಮುಗಿಯದಿದ್ದರೆ ಎರಡನೇ ಸಾಲಿಗೆ ನೂಕು, ಅಲ್ಲೂ ಮುಗಿಯದಿದ್ದರೆ ಮೂರನೆಯದಕ್ಕೆ. ಕೆಳಗಿನ ಸಾಲಿನವನಿಗೆ ಸರದಿ ಬರುವುದು ಮೇಲಿನವೆಲ್ಲ ಖಾಲಿಯಾದಾಗ ಮಾತ್ರ. ಮೇಸ್ತ್ರಿಗೆ ಯಾರ ಮುಖವೂ ಗೊತ್ತಿಲ್ಲ, ಯಾರ ಪದವಿಯೂ ಗೊತ್ತಿಲ್ಲ. ಅರಾಕ್ಸಿಗೆ ಅದರ ಮೇಲಿದ್ದ ಹೆಮ್ಮೆಯೆಲ್ಲ ಇದಕ್ಕೇ.

ಆದರೆ ಮೇಸ್ತ್ರಿಯ ಮೇಲೆ ಒಡೆತನದ ಪಾಸ್‌ವರ್ಡ್ ಅಂತ ಒಂದಿತ್ತು. ಅದಿದ್ದವರಿಗೆ ಬೇಲಿಯಿಲ್ಲ. ಯಾರನ್ನು ಬೇಕಾದರೂ ಯಾವ ಸಾಲಿಗೆ ಬೇಕಾದರೂ ಕಟ್ಟಿಹಾಕಬಹುದು. ಅದು ಇಬ್ಬರಲ್ಲಿತ್ತು: ಅರಾಕ್ಸಿಯಲ್ಲಿ ಮತ್ತು ಕಂಪ್ಯೂಟರ್ ಕೇಂದ್ರದ ನಿರ್ದೇಶಕ ಹಾಲಿಸ್ ವಾಡ್ಲಿಯಲ್ಲಿ. ವಾಡ್ಲಿ ಮೆತ್ತನೆಯ ಮನುಷ್ಯ. ಕೊನೆಗೆ ಮಾತಾಡಿದವನ ಮಾತೇ ಅವನ ಅಭಿಪ್ರಾಯ.

ಊರಾಚೆಯ ಟೈಪ್‌ರೈಟರುಗಳಲ್ಲಿ ಒಂದು ಗ್ಲಾಸ್ಟರ್ ಬಂದರಿನಲ್ಲಿತ್ತು. ಅದರ ಮುಂದೆ ಕೂರುತ್ತಿದ್ದವನು ಆಂಬ್ರೋಸ್ ಟೀಗ್ ಎಂಬ ಅರವತ್ತು ದಾಟಿದ ಗುಮಾಸ್ತ. ತೀರದ ಕೆಸರಿನಿಂದ ತಂದ ನೀರಿನ ಪರೀಕ್ಷೆಯ ಅಂಕಿಗಳನ್ನು ಕೂಡಿಸಿ, ಈ ವಾರ ಯಾವ ಕೊಲ್ಲಿಯಲ್ಲಿ ತಿನ್ನುವ ಕಪ್ಪೆಚಿಪ್ಪು ಅಗೆಯಬಹುದು, ಯಾವುದರಲ್ಲಿ ನೀರು ಕೆಟ್ಟಿರುವುದರಿಂದ ಕೂಡದು ಎಂದು ಹೇಳುವುದು ಅವನ ಕೆಲಸ. ಎರಡೇ ಬೆರಳಲ್ಲಿ ಟೈಪ್ ಮಾಡುತ್ತಿದ್ದ. ಅವನ ಪ್ರೋಗ್ರಾಮಂತೂ ಅರಾಕ್ಸಿ ಕಂಡ ದರಿದ್ರಗಳಲ್ಲೆಲ್ಲ ದರಿದ್ರ. ೧೯೬೬ರ ಸೆಪ್ಟೆಂಬರಿನಲ್ಲಿ ಒಂದು ದಿನ ಅದು ತಿರುಗಿದಲ್ಲೇ ತಿರುಗುತ್ತಾ, ತಿರುಗುವಾಗೆಲ್ಲ ಹೊಸ ಕೆಲಸವೆಂದು ಹೇಳಿಕೊಂಡು ಮೊದಲನೇ ಸಾಲಿಗೇ ಬಂದು ನಿಂತು, ಬೆಳಗಿನ ಹೊತ್ತನ್ನೆಲ್ಲ ಹಾಳುಮಾಡಿತು. ಅರಾಕ್ಸಿ, "ಕಪ್ಪೆಚಿಪ್ಪಿಗೆ ಒಂಬತ್ತನೇ ಸಾಲೇ ಜಾಸ್ತಿ," ಎಂದು ಜೋರಾಗಿ ಹೇಳಿ, ಪಕ್ಕದಲ್ಲಿದ್ದವರನ್ನು ನಗಿಸಿ, ಅವನ ಹೆಸರನ್ನು ಕೊನೆಯ ಸಾಲಿಗೆ ಕಟ್ಟಿಹಾಕಿದಳು. ಒಂದು ವಾರ ಇರಲಿ ಎಂದುಕೊಂಡಿದ್ದಳು. ಆಮೇಲೆ ಮರೆತಳು ಎಂದರೆ ಸುಳ್ಳಾದೀತು. ಆಗೀಗ ನೆನಪಾಗುತ್ತಿತ್ತು. ಮುದುಕ ದೂರು ಹೇಳುತ್ತಿರಲಿಲ್ಲ, ಇವಳು ಬಿಚ್ಚುತ್ತಿರಲಿಲ್ಲ.

೧೯೬೭ರ ಏಪ್ರಿಲ್‌ನಲ್ಲಿ ಪ್ರೊಫೆಸರ್ ಥಾರ್ನ್‌ಟನ್ ಲೇಥ್ರಪ್ ನೆಲಮಾಳಿಗೆಗೆ ಇಳಿದು ಬಂದ. ಭೌತಶಾಸ್ತ್ರದವನು, ಅಜ್ಜನ ಹೆಸರು ಮೇಲಿನ ಒಂದು ಕಟ್ಟಡದ ಮೇಲಿತ್ತು. ಹಳೆಯ ಕಾಲದಲ್ಲಿ, ಉಳಿದವರಿಗೆ ಒಂದೊಂದೇ ಗಂಟೆಯಾದರೆ, ಪ್ರತಿ ಮಂಗಳವಾರ ಬೆಳಗ್ಗೆಯೆಲ್ಲ ಯಂತ್ರ ಅವನೊಬ್ಬನದಾಗಿತ್ತು. ಅದನ್ನು ಅವನು ಮರೆತಿರಲಿಲ್ಲ.

"ನೋಡಮ್ಮಾ," ಅಂದ. ಅವಳಿಗೆ ಮೂವತ್ತೊಂಬತ್ತಾಗಿತ್ತು. "ನನ್ನ ಲೆಕ್ಕ ನಿನ್ನೆ ಬೆಳಗ್ಗೆ ಶುರುವಾಗಿದ್ದು ಇನ್ನೂ ಮುಗಿದಿಲ್ಲ. ಏನು ನಡೀತಾ ಇದೆ ಇಲ್ಲಿ?"

"ದೊಡ್ಡ ಲೆಕ್ಕ ಪ್ರೊಫೆಸರ್. ಕೆಳಗಿನ ಸಾಲಿಗೆ ಇಳಿದಿದೆ. ಸಂಜೆಗೆ ಮುಗಿಯತ್ತೆ."

"ಸಾಲು! ಬ್ರೆಡ್ಡಿಗೆ ನಿಂತಿದೀನಾ ನಾನು? ಪಕ್ಕದ ಕೋಣೇಲಿ ಒಬ್ಬ ವಿದ್ಯಾರ್ಥಿ ಟಿಕ್ಕು ಟಿಕ್ಕು ಅಂತ ಏನೋ ಕುಟ್ಟತಾನೆ, ಕುಟ್ಟಿದ ತಕ್ಷಣ ಉತ್ತರ ಬರತ್ತೆ. ನನಗಿಲ್ಲ. ಇದೆಂಥ ನ್ಯಾಯ?"

"ಅವನು ಕೇಳೋದು ಚಿಕ್ಕದು. ನೀವೂ ಚಿಕ್ಕದು ಕೇಳಿದ್ರೆ ನಿಮಗೂ ತಕ್ಷಣ ಬರತ್ತೆ."

ಲೇಥ್ರಪ್ ಅವಳನ್ನು ಕನ್ನಡಕದ ಮೇಲಿಂದ ನೋಡಿದ. "ನನಗೆ ಒಡೆತನದ ಪಾಸ್‌ವರ್ಡ್ ಕೊಡು. ನನ್ನ ಕೆಲಸಕ್ಕೆ ಈ ಬೇಲಿಗೀಲಿ ಎಲ್ಲ ಬೇಡ. ಪ್ರತಿ ಸಲ ಗಡಿ ತಪಾಸಣೆ ಮಾಡ್ತಾ ಕೂತ್ರೆ ವೇಗ ಎಲ್ಲಿಂದ ಬರಬೇಕು?"

"ಬೇಲಿ ಇರೋದು ನಿಮ್ಮ ತಪ್ಪು ಇನ್ನೊಬ್ಬರ ಮೇಲೆ ಬೀಳದೇ ಇರಲಿ ಅಂತ."

"ನಾನು ತಪ್ಪು ಮಾಡೋದಿಲ್ಲ."

ಅರಾಕ್ಸಿ ಹುಬ್ಬೆತ್ತಿದಳು. "ಹನ್ನೆರಡು ವರ್ಷ ನಿಮ್ಮ ಕಾರ್ಡು ಓದಿದೀನಿ ಪ್ರೊಫೆಸರ್," ಅಂದಳು. "ಬೇಕಿದ್ರೆ ಪಟ್ಟಿ ಮಾಡಿ ಕೊಡ್ತೀನಿ."

ಅವನ ಕಿವಿ ಕೆಂಪಾಯಿತು. ಮೆಟ್ಟಿಲು ಹತ್ತಿ ಹೋದ. ಹೋಗಿದ್ದು ನೇರವಾಗಿ ವಾಡ್ಲಿಯ ಕೋಣೆಗೆ. ಅವತ್ತು ಕೊನೆಗೆ ಮಾತಾಡಿದವನು ಲೇಥ್ರಪ್ಪೇ ಆಗಿದ್ದರಿಂದ ವಾಡ್ಲಿ ಒಂದು ಚೀಟಿಯಲ್ಲಿ ಪಾಸ್‌ವರ್ಡ್ ಬರೆದುಕೊಟ್ಟ. ಅರಾಕ್ಸಿಗೆ ಹೇಳಲಿಲ್ಲ. ಹೇಳುವ ಧೈರ್ಯವಿರಲಿಲ್ಲ.

ಎರಡು ವಾರದ ನಂತರ, ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ವಾಷಿಂಗ್ಟನ್ನಿನಿಂದ ಆರು ಜನ ಬಂದರು. ಒಂದೇ ಯಂತ್ರ ಇಷ್ಟು ಜನರನ್ನು ಹೇಗೆ ಸಂಭಾಳಿಸುತ್ತದೆ ಎಂದು ನೋಡಲು ಬಂದವರು. ವಾಡ್ಲಿ ಹೊಸ ಟೈ ಕಟ್ಟಿದ್ದ. ಆರು ಜನರನ್ನೂ ಆರು ಟೈಪ್‌ರೈಟರಿನ ಮುಂದೆ ಕೂರಿಸಿ, "ಏನು ಬೇಕಾದ್ರೂ ಕೇಳಿ, ಯಂತ್ರ ನಿಮಗೊಬ್ಬರಿಗೇ ಅನ್ನೋ ಹಾಗೆ ಉತ್ತರ ಕೊಡತ್ತೆ," ಎಂದ. ಯಂತ್ರ ಏಳು ನಿಮಿಷ ಹಾಗೆಯೇ ಉತ್ತರ ಕೊಟ್ಟಿತು. ಎಂಟನೇ ನಿಮಿಷಕ್ಕೆ ಆರು ಟೈಪ್‌ರೈಟರುಗಳೂ ಒಟ್ಟಿಗೆ ನಿಂತವು. ಒಬ್ಬನ ಕಾಗದದಲ್ಲಿ ಅರ್ಧ ಪದ ಬಿದ್ದಿತ್ತು. ಕಟ್ಟಡದ ತುಂಬ ಬಾಗಿಲುಗಳು ತೆರೆದುಕೊಂಡು, "ಏನಾಯ್ತು? ನಿನ್ನದೂ ನಿಂತಿತಾ?" ಎಂಬ ಮಾತು ಮೆಟ್ಟಿಲಿನಲ್ಲಿ ಇಳಿದು ಬಂತು. ಬೆಳಗಿನಿಂದ ಮೂವತ್ತು ಜನ ಮಾಡಿದ ಕೆಲಸ ಹೊಗೆಯಾಗಿ ಹೋಯಿತು.

ಮೊದಲು ಬಾಯಿ ತೆರೆದವನು ಲೇಥ್ರಪ್. ಅತಿಥಿಗಳಿಗೆ ಕೇಳುವ ಹಾಗೆಯೇ ಹೇಳಿದ: "ಆಪರೇಟರ್ ಹುಡುಗಿ ಏನೋ ತಪ್ಪು ಟೇಪ್ ಹಾಕಿರಬೇಕು ಹಾಲಿಸ್. ಇಂಥವರ ಕೈಗೆ ಕೊಟ್ರೆ ಇಷ್ಟೇ."

ವಾಡ್ಲಿ ಅರಾಕ್ಸಿಯ ಕಡೆ ನೋಡಿದ. ಅವನ ಕಣ್ಣಲ್ಲಿ ಅನುಮಾನಕ್ಕಿಂತ ಬೇಡಿಕೆ ಇತ್ತು, ದಯವಿಟ್ಟು ನಿನ್ನದೇ ತಪ್ಪೆಂದು ಒಪ್ಪಿಕೋ ಎನ್ನುವ ಹಾಗೆ. ಅರಾಕ್ಸಿಗೆ ಅವನ ಮೇಲೆ ಅಸಹ್ಯವಾಯಿತು, ಹೊಸ ಟೈ ಸಮೇತ.

ಅವಳು ಜಗಳಕ್ಕೆ ನಿಲ್ಲಲಿಲ್ಲ. ಸತ್ತ ಯಂತ್ರದ ಮೆಮೊರಿಯಲ್ಲಿ ಇದ್ದದ್ದನ್ನು ಇದ್ದ ಹಾಗೇ ಕಾಗದಕ್ಕೆ ಇಳಿಸುವಂತೆ ಮಾಡಿದಳು. ಇನ್ನೂರು ಹಾಳೆ, ಬರೀ ಅಂಕಿಗಳು. ಊಟದ ಹೊತ್ತಿಗೆ ತಾಯಿ ಕಟ್ಟಿಕೊಟ್ಟಿದ್ದ ಚೋರೆಗ್ ಬನ್ನನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಬೆರಳನ್ನು ಸಾಲಿನಿಂದ ಸಾಲಿಗೆ ಇಳಿಸುತ್ತಾ ಓದಿದಳು. ಮೇಸ್ತ್ರಿಯ ಜಾಗ ಅವಳಿಗೆ ಅಂಗೈಯಷ್ಟು ಪರಿಚಯ. ಎಪ್ಪತ್ತೊಂದನೇ ಹಾಳೆಯಲ್ಲಿ, ಮೇಸ್ತ್ರಿ ಇರಬೇಕಾದ ಕಡೆ ಮೇಸ್ತ್ರಿ ಇರಲಿಲ್ಲ. ಅಲ್ಲಿ ಒಂದೇ ತರಹದ ಉದ್ದುದ್ದ ಸಂಖ್ಯೆಗಳು ಕೂತಿದ್ದವು. ಅವು ಯಾರವೆಂದು ಗುರುತಿಸಲು ಅವಳಿಗೆ ಅರೆಗಳಿಗೆ ಸಾಕಾಯಿತು. ಹಳೆಯ ಮಂಗಳವಾರಗಳಲ್ಲಿ ಅವೇ ಸಂಖ್ಯೆಗಳನ್ನು ಕಾರ್ಡಿಗೆ ತೂತು ಹೊಡೆದು ಕೊಟ್ಟವಳು ಅವಳೇ ತಾನೆ. ಲೇಥ್ರಪ್ ತನ್ನ ಪಟ್ಟಿಗೆ ಸಾವಿರ ಜಾಗ ಎಂದು ಹೇಳಿ ಸಾವಿರದ ಇನ್ನೂರು ತುಂಬಿದ್ದ. ಬೇಲಿ ಇದ್ದಿದ್ದರೆ ಅವನ ಕೆಲಸವೊಂದೇ ನಿಲ್ಲುತ್ತಿತ್ತು. ಬೇಲಿ ಇಲ್ಲದ್ದರಿಂದ ಉಳಿದ ಇನ್ನೂರು ಹರಿದುಹೋಗಿ ಮೇಸ್ತ್ರಿಯನ್ನೇ ಮುಚ್ಚಿಹಾಕಿದ್ದವು.

"ಕೊಟ್ಟಿರಾ?" ಎಂದು ವಾಡ್ಲಿಯ ಬಾಗಿಲಲ್ಲಿ ನಿಂತು ಕೇಳಿದಳು.

"ಅರಾಕ್ಸಿ, ಕೂತ್ಕೊಳ್ಳಿ, ನೋಡಿ, ಅವರು ತುಂಬಾ..."

"ಕೊಟ್ಟಿರಾ ಇಲ್ವಾ ಅಷ್ಟೇ ಹೇಳಿ."

ವಾಡ್ಲಿ ಟೈ ಸಡಿಲಿಸಿಕೊಂಡ. ಅವಳಿಗೆ ಉತ್ತರ ಸಿಕ್ಕಿತು.

ಶುಕ್ರವಾರ ಮಧ್ಯಾಹ್ನ ಬಳಕೆದಾರರ ಸಭೆ ಕರೆದರು. ಊರಾಚೆಯವರಿಗೂ ಹೇಳಿಕಳಿಸಿದ್ದರಿಂದ ಟೀಗ್ ಕೂಡ ರೈಲು ಹತ್ತಿ ಬಂದಿದ್ದ. ಅರಾಕ್ಸಿ ಅವನನ್ನು ನೋಡಿದ್ದು ಅದೇ ಮೊದಲು. ಬಾಗಿಲ ಹತ್ತಿರದ ಕುರ್ಚಿಯ ತುದಿಯಲ್ಲಿ, ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಕೂತಿದ್ದ. ಕೈಗಳು ದೊಡ್ಡವು, ಬಿರುಕು ಬಿಟ್ಟವು. ಎರಡು ಬೆರಳಲ್ಲಿ ಟೈಪ್ ಮಾಡುವುದೇ ಹೆಚ್ಚೆನ್ನುವಂಥವು.

ಅರಾಕ್ಸಿ ಎಪ್ಪತ್ತೊಂದನೇ ಹಾಳೆಯನ್ನು ಮೇಜಿನ ಮೇಲೆ ಹರಡಿದಳು. ಜೊತೆಗೆ ಮೇಸ್ತ್ರಿಯ ಪಟ್ಟಿಯನ್ನೂ ಅಚ್ಚು ಹಾಕಿಸಿ ಎಲ್ಲರಿಗೂ ಹಂಚಿದ್ದಳು. ಯಾರ ಹೆಸರು, ಯಾವ ಸಾಲು, ಯಾರಿಗೆ ಬೇಲಿಯಿಲ್ಲ ಎಂಬುದೆಲ್ಲ ಅದರಲ್ಲಿತ್ತು. "ಮೊದಲನೇ ಹೆಸರು ನೋಡಿ," ಅಂದಳು. "ಪ್ರೊಫೆಸರ್ ಲೇಥ್ರಪ್. ಮೊದಲನೇ ಸಾಲಿಗೆ ಕಟ್ಟಿದೆ. ಎರಡು ವಾರದಿಂದ ನೀವೆಲ್ಲ ಯಂತ್ರ ನಿಧಾನ ಅಂತ ಬೈತಾ ಇದ್ರಲ್ಲ, ನಿಮ್ಮ ಹೊತ್ತೆಲ್ಲ ತಿಂದಿದ್ದು ಈ ಹೆಸರು. ಬುಧವಾರ ನಿಮ್ಮ ಕೆಲಸ ಅಳಿಸಿದ್ದೂ ಇದೇ. ತಪ್ಪು ಟೇಪ್ ಹಾಕಿದ ಹುಡುಗಿ ಯಾರೂ ಇಲ್ಲ. ಸಾವಿರಕ್ಕೂ ಸಾವಿರದ ಇನ್ನೂರಕ್ಕೂ ವ್ಯತ್ಯಾಸ ಗೊತ್ತಿಲ್ಲದ ದೊಡ್ಡ ಮನುಷ್ಯರೊಬ್ಬರಿದಾರೆ, ಅಷ್ಟೆ."

ಯಾರೋ ನಕ್ಕರು. ಆಮೇಲೆ ತುಂಬ ಜನ ನಕ್ಕರು. ಲೇಥ್ರಪ್ ಗೋಡೆಯ ಕಡೆ ನೋಡುತ್ತಾ ಕೂತ. ಇಂಥದೊಂದು ಗಳಿಗೆಗಾಗಿ ಎಷ್ಟು ವರ್ಷ ಕಾದಿದ್ದೆ ಎಂದು ಅರಾಕ್ಸಿಗೆ ಅನ್ನಿಸಿತು. ಬಿಸಿ ಕಾಫಿ ಇಳಿದ ಹಾಗೆ ಎದೆಯಲ್ಲಿ ಹಿತವಾಗಿತ್ತು.

ನಗು ಇಳಿದ ಮೇಲೆ ಬಾಗಿಲ ಕಡೆಯಿಂದ ಟೀಗ್ ಕೈ ಎತ್ತಿದ. "ಮಿಸ್, ಒಂದು ಕೇಳ್ಲಾ? ನನಗೆ ಇದೆಲ್ಲ ಅಷ್ಟಾಗಿ ತಿಳಿಯಾಕಿಲ್ಲ." ದಪ್ಪ ಬೆರಳು ಪಟ್ಟಿಯ ಕೊನೆಯಲ್ಲಿ ನಿಂತಿತ್ತು. "ಇಲ್ಲಿ ನನ್ನ ಹೆಸರಿನ ಮುಂದೆ ಒಂಬತ್ತು ಅಂತ ಐತೆ. ಕಟ್ಟಿದೆ ಅಂತಾನೂ ಐತೆ. ಆ ಪ್ರೊಫೆಸರ್ ಬಿಟ್ರೆ ಬೇರೆ ಯಾರಿಗೂ ಇಲ್ಲ. ಏನಿದು?"

ಪಟ್ಟಿ ಅಚ್ಚು ಹಾಕಿಸುವಾಗ ಅರಾಕ್ಸಿಯ ಕಣ್ಣು ಮೊದಲನೇ ಹೆಸರಿನ ಮೇಲಿತ್ತು, ಕೊನೆಯದನ್ನು ನೋಡಿರಲಿಲ್ಲ.

"ಅದು ನಾನು ಹಾಕಿದ್ದು," ಅಂದಳು.

"ಯಾವಾಗ ಮಿಸ್?"

"ಸೆಪ್ಟೆಂಬರಲ್ಲಿ."

ಟೀಗ್ ಬೆರಳು ಮಡಚಿ ತಿಂಗಳು ಎಣಿಸಿದ. "ಓ," ಅಂದ. "ಅದಕ್ಕೇ ನನಗೆ ಉತ್ತರ ಬರಾಕೆ ಒಂದು ದಿನ, ಎರಡು ದಿನ ಹಿಡೀತಿತ್ತು. ನಾನು ಯಂತ್ರಾನೇ ಹಂಗೆ ಅಂದ್ಕಂಡಿದ್ದೆ. ಅಂಕಿ ಬರಾಗಂಟ ಕೊಲ್ಲಿ ಮುಚ್ಚೇ ಇಡಬೇಕಲ್ಲ. ಅಗೆಯೋರು ಬಂದು ಬಾಗಿಲಲ್ಲಿ ನಿಂತು ಬೈಯೋರು. ಮಷೀನು ಯೋಚನೆ ಮಾಡ್ತಾ ಐತ್ರಪ್ಪಾ ಅಂತ ನಾನು ಸಮಾಧಾನ ಹೇಳ್ತಿದ್ದೆ."

ಅವನ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಗೊತ್ತಿಲ್ಲದ ಒಂದು ಸಂಗತಿ ಗೊತ್ತಾಯಿತಲ್ಲ ಎಂಬಂತಿತ್ತು. ಅದನ್ನೇ ಅರಾಕ್ಸಿಗೆ ತಡೆಯಲಾಗಲಿಲ್ಲ.

ಲೇಥ್ರಪ್‌ಗೆ ಜೀವ ಬಂತು. ಗೋಡೆಯಿಂದ ಮುಖ ತಿರುಗಿಸಿ ನಕ್ಕ. "ಇರಲಿ ಬಿಡಿ ಮಿಸ್ ಬೆದ್ರೋಸಿಯನ್, ನಾಚಿಕೆ ಯಾಕೆ? ಇದೊಂದರಲ್ಲಿ ನಾನು ನಿಮ್ಮ ಕಡೆ. ಕಪ್ಪೆಚಿಪ್ಪಿಗೆ ಒಂಬತ್ತನೇ ಸಾಲೇ ಜಾಸ್ತಿ."

ಸೆಪ್ಟೆಂಬರಿನಲ್ಲಿ ನಕ್ಕವರೇ ಈಗಲೂ ನಕ್ಕರು. ಆಗ ಅವಳ ಬಾಯಿಂದ ಬಂದ ಮಾತು ಒಂದಕ್ಷರ ಬಿಡದೆ ಅವನ ಬಾಯಿಂದ ಬಂದಿತ್ತು. ಯಾರಾದರೂ ಅವನಿಗೆ ಹೇಳಿದ್ದರೋ, ಅಥವಾ ಇಂಥ ಮನಸ್ಸಿನವರಿಗೆಲ್ಲ ಹೊಳೆಯುವ ಮಾತೇ ಅದೋ, ತಿಳಿಯಲಿಲ್ಲ. ಎರಡನೆಯದೇ ಇರಬೇಕೆಂದು ಅವಳಿಗೆ ಅನ್ನಿಸಿತು.

ವಾಡ್ಲಿ ಕೈ ಕೈ ಉಜ್ಜಿಕೊಂಡು, "ಸಣ್ಣ ವಿಷಯ, ಸಣ್ಣ ವಿಷಯ, ಮುಂದಕ್ಕೆ ಹೋಗೋಣ," ಅಂದ.

"ಸಣ್ಣ ವಿಷಯ ಅಲ್ಲ," ಅಂದಳು ಅರಾಕ್ಸಿ. "ಪ್ರೊಫೆಸರ್ ಮಾಡಿದ್ದು ಎರಡು ವಾರ. ನಾನು ಮಾಡಿದ್ದು ಏಳು ತಿಂಗಳು. ಒಡೆತನದ ಪಾಸ್‌ವರ್ಡ್ ಯಾರ ಹತ್ರ ಇದ್ರೂ, ಅದರಿಂದ ಏನೇನು ಮಾಡಿದ್ರು ಅನ್ನೋದು ದಿನಾ ಬೆಳಗ್ಗೆ ಎಲ್ಲರ ಟೈಪ್‌ರೈಟರಲ್ಲೂ ಅಚ್ಚಾಗಬೇಕು. ಮೊದಲು ನನ್ನ ಹೆಸರಿಂದ ಶುರುವಾಗಲಿ. ಅದನ್ನ ನಾನೇ ಬರೆದು ಹಾಕ್ತೀನಿ."

ಕೊನೆಗೆ ಮಾತಾಡಿದವಳು ಅವಳಾಗಿದ್ದರಿಂದ ವಾಡ್ಲಿ ಒಪ್ಪಿದ. ಸೋಮವಾರದಿಂದ ಅದು ಜಾರಿಗೆ ಬಂತು. ಲೇಥ್ರಪ್ ಹಂಚಿಕೆಯ ಯಂತ್ರದ ಸಹವಾಸವೇ ಬೇಡವೆಂದು, ತನ್ನ ವಿಭಾಗಕ್ಕೆಂದೇ ಬೀರುವಿನಷ್ಟು ದೊಡ್ಡದಾದ ಒಂದು ಸಣ್ಣ ಯಂತ್ರ ತರಿಸಿ, ಕೋಣೆಗೆ ಬೀಗ ಹಾಕಿ, ಒಬ್ಬನೇ ಕೂತ. ಅದರಲ್ಲಿ ಅವನ ಲೆಕ್ಕ ಮೂರು ಪಟ್ಟು ನಿಧಾನವಾಗಿ ನಡೆಯುತ್ತಿತ್ತಂತೆ. ಆದರೂ ಅವನು ಸುಖವಾಗಿದ್ದನಂತೆ.

ಅರಾಕ್ಸಿ ಟೀಗ್‌ನ ಕಟ್ಟು ಬಿಚ್ಚಿದಳು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಮುಂದಿನ ಮಂಗಳವಾರ ಬೆಳಗ್ಗೆ ನಾರ್ತ್ ಸ್ಟೇಷನ್ನಿನಲ್ಲಿ ರೈಲು ಹತ್ತಿ ಗ್ಲಾಸ್ಟರಿಗೆ ಹೋದಳು. ಬಂದರಿನ ಮೇಲೆ ಮೀನಿನ ವಾಸನೆಯ ಒಂದು ಕೋಣೆ, ಮೂಲೆಯಲ್ಲಿ ಟೈಪ್‌ರೈಟರು.

"ನಿಮ್ಮ ಪ್ರೋಗ್ರಾಂ ತೋರಿಸಿ," ಅಂದಳು.

ಓದುತ್ತಾ ಓದುತ್ತಾ ಅವಳ ಹುಬ್ಬು ಹಣೆಯ ಮೇಲಕ್ಕೆ ಹೋಯಿತು. ಪ್ರತಿ ಸಲವೂ ಅದು ಆರು ವರ್ಷದ ಅಂಕಿಗಳನ್ನು ಮೊದಲಿನಿಂದ ಓದುತ್ತಿತ್ತು. "ಮಿಸ್ಟರ್ ಟೀಗ್, ಇಷ್ಟು ಕೆಟ್ಟ ಪ್ರೋಗ್ರಾಂ ನಾನು ಹುಟ್ಟಿದ ಮೇಲೆ ನೋಡಿಲ್ಲ. ಯಾರು ಹೇಳಿಕೊಟ್ರು ನಿಮಗೆ ಹೀಗೆ ಬರೆಯೋಕೆ?"

"ಯಾರೂ ಹೇಳಿಕೊಡ್ಲಿಲ್ಲ ಮಿಸ್. ಪುಸ್ತಕ ಕಳಿಸಿದ್ರಿ ನೀವು."

ಆ ಪುಸ್ತಕ ಬರೆದವಳೂ ಅವಳೇ. ಅವಳು ಕುರ್ಚಿ ಎಳೆದುಕೊಂಡಳು. ಮಂಗಳವಾರ, ಬುಧವಾರ, ಗುರುವಾರ ಮೂರು ದಿನ ಬಂದು ಹೋಗಿ, ಮುದುಕನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಗದರುತ್ತಾ ಗದರುತ್ತಾ ಅಷ್ಟನ್ನೂ ಹೊಸದಾಗಿ ಬರೆದಳು. ಅವನು ಅವಳ ಗದರಿಕೆಗೆಲ್ಲ "ಹೌದು ಮಿಸ್" ಎನ್ನುತ್ತಾ, ನೋಟ್‌ಬುಕ್ಕಿನಲ್ಲಿ ಎಲ್ಲವನ್ನೂ ಬರೆದುಕೊಂಡ. ಗುರುವಾರ ಮಧ್ಯಾಹ್ನ ಅಂಕಿ ಕೊಟ್ಟು ನಾಲ್ಕು ನಿಮಿಷಕ್ಕೆ ಉತ್ತರ ಬಂತು. ಟೀಗ್ ಹೊರಗೆ ಹೋಗಿ ಹಲಗೆಯ ಮೇಲೆ ಅಗೆಯಬಹುದಾದ ಎರಡು ಕೊಲ್ಲಿಗಳ ಹೆಸರನ್ನು ಸೀಮೆಸುಣ್ಣದಲ್ಲಿ ಬರೆದ.

ಹಲಗೆಯ ಮುಂದೆ ರಬ್ಬರ್ ಬೂಟಿನ ಒಬ್ಬ ಅಗೆಯುವವನು ನಿಂತಿದ್ದ. "ಇದೇನು ಆಂಬ್ರೋಸ್, ಗುರುವಾರಾನೇ?" ಎಂದ. "ಚಳಿಗಾಲ ಪೂರ್ತಿ ಶನಿವಾರ ಆದ್ರೂ ಹಲಗೆ ಖಾಲಿ ಇರ್ತಿತ್ತು. ಈಗ ಹೆಂಗೆ?"

"ಹೊಸ ಮಷೀನು ಬಂದೈತೆ," ಎಂದ ಟೀಗ್, ಸುಣ್ಣದ ಕೈ ಒರೆಸಿಕೊಳ್ಳುತ್ತಾ.

ಬಾಗಿಲಲ್ಲಿ ನಿಂತಿದ್ದ ಅರಾಕ್ಸಿ ಕೋಟಿನ ಗುಂಡಿ ಹಾಕುವುದನ್ನು ನಿಲ್ಲಿಸಿದಳು. ಇಷ್ಟು ಸುಲಭದಲ್ಲಿ ಬಚಾವಾಗುವುದು ಅವಳಿಗೆ ಒಗ್ಗಲಿಲ್ಲ.

"ಮಷೀನು ಅದೇ," ಅಂದಳು. "ತಡ ಮಾಡಿದ್ದು ನಾನು. ನಿಮ್ಮ ಅಂಕಿಗಳನ್ನ ಬೇಕು ಅಂತಲೇ ಎಲ್ಲರ ಹಿಂದೆ ಇಟ್ಟಿದ್ದೆ."

ಅಗೆಯುವವನಿಗೆ ಅರ್ಧ ತಿಳಿಯಿತೋ ಪೂರ್ತಿ ತಿಳಿಯಿತೋ. ಅವಳನ್ನು ತಲೆಯಿಂದ ಕಾಲಿನವರೆಗೆ ನಿಧಾನವಾಗಿ ನೋಡಿದ. ನಗರದ ಕೋಟು, ಪಾಲಿಶ್ ಮಾಡಿದ ಬೂಟು, ಬಗಲಲ್ಲಿ ಕಾಗದದ ಸುರುಳಿ. ಕಟ್ಟೆಯಾಚೆ ನೀರಿಗೆ ಉಗುಳಿದ.

"ಯಾಕೆ?" ಎಂದ.

ಅವಳು ಹೇಳಲು ಹೊರಟಳು. ಬಾಯಿಗೆ ಬಂದದ್ದು ಸೆಪ್ಟೆಂಬರಿನ ಆ ಹಾಸ್ಯವೊಂದೇ. ಅವನು ಕಾಯಲಿಲ್ಲ. ಅಗೆಯುವ ಕವಲುಗೋಲನ್ನು ಹೆಗಲಿಗೇರಿಸಿಕೊಂಡು, ಇಳಿತದ ನೀರು ಬಿಟ್ಟುಹೋದ ಕೆಸರಿನ ಕಡೆಗೆ, ಅವಳ ಕಡೆ ತಿರುಗಿಯೂ ನೋಡದೆ ನಡೆದುಹೋದ.